ಎಡಗಡೆಯ ಮತ್ಸ್ಯಕನ್ಯೆ

ದೊಲೊರೋಸ ಕನ್ಯಾಮಠದಿಂದ ಮೂರನೆಯ ಸಲ ಕರೆ ಬಂದಾಗ ಕಾಸಿಮಿರೊ ಅಂಕೊ ಹಿತ್ತಲಲ್ಲಿ ಕೂತು ಯಾರದೋ ಗೋರಿಗಲ್ಲಿಗೆ ಅಕ್ಷರ ಕೊರೆಯುತ್ತಿದ್ದ. ಅವನಿಗೆ ಆಗ ಅರವತ್ತಾರು. ಹಿಂದಿನ ವರ್ಷ ಜೂನ್ ತಿಂಗಳಲ್ಲಿ ಆದ ಭೂಕಂಪಕ್ಕೆ ಅರೆಕೀಪ ಪಟ್ಟಣದ ಎಷ್ಟೋ ಹಳೆಯ ಗೋಡೆಗಳು ಬಿರುಕು ಬಿಟ್ಟಿದ್ದವು. ಕಲ್ಲುಕೆಲಸ ಬಲ್ಲವರಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಎಲ್ಲಿಂದ ಕರೆ ಬಂದರೂ ಉಳಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹೊರಡುತ್ತಿದ್ದ ಕಾಸಿಮಿರೊ, ಸಾನ್ ಲಾಸರೊ ಓಣಿಯ ಆ ಕನ್ಯಾಮಠಕ್ಕೆ ಮಾತ್ರ ಹೋಗಿರಲಿಲ್ಲ.

ಹೆಂಡತಿ ಬಾಸಿಲಿಯ ಬಾಗಿಲಿಂದ ತಿರುಗಿ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಆ ಹುಡುಗಿ ಮತ್ತೆ ಬಂದಿದಾಳೆ. ಏನು ಹೇಳ್ಲಿ? ಮಂಡಿ ನೋವು ಅಂತ ಒಂದ್ಸಲ ಹೇಳಿದ್ದಾಯ್ತು, ಕಣ್ಣು ಮಂಜು ಅಂತ ಒಂದ್ಸಲ ಹೇಳಿದ್ದಾಯ್ತು. ಇನ್ನು ಸತ್ತೋದ ಅಂತ ಹೇಳೋದೊಂದು ಬಾಕಿ."

"ಅದನ್ನೇ ಹೇಳು."

"ಉಳಿ ಸದ್ದು ಬೀದಿಗೆ ಕೇಳ್ತಿದೆ. ನಿನ್ನ ಗೋರಿಗೆ ನೀನೇ ಅಕ್ಷರ ಕೊರೀತಿದೀಯ ಅಂತ ಹೇಳ್ಲಾ?"

ಅಷ್ಟರಲ್ಲಿ ಆ ಹುಡುಗಿಯೇ ಒಳಗೆ ಬಂದಳು. ಹೆಸರು ನೊಯೆಲಿಯ ತಾವರ. ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿಸುವ ಎಂಜಿನಿಯರು. ಲೀಮಾದಿಂದ ಬಂದವಳು, ಮೂವತ್ತು ದಾಟಿರಲಿಲ್ಲ. ನಿಂತಲ್ಲೇ ವಿಷಯ ಹೇಳಿದಳು. ಕನ್ಯಾಮಠದ ಮುಂಗೋಡೆಗೆ ಯಾವ ಕಾಲದಲ್ಲೋ ಸಿಮೆಂಟು ಮೆತ್ತಿದ್ದಾರೆ. ಭೂಕಂಪದಲ್ಲಿ ಒಂದು ಚಪ್ಪಡಿಯಷ್ಟು ಸಿಮೆಂಟು ಕಳಚಿ ಬಿತ್ತು. ಅದರ ಹಿಂದಿನ ಬಿಳಿಗಲ್ಲು ಮುಟ್ಟಿದರೆ ಹಿಟ್ಟಿನಂತೆ ಉದುರುತ್ತಿದೆ. ಉಳಿದದ್ದನ್ನು ಉಳಿಸಿಕೊಳ್ಳಬೇಕಾದರೆ ಸಿಮೆಂಟನ್ನೆಲ್ಲ ಕೀಳಬೇಕು, ಹಳೆಯ ಕ್ರಮದಲ್ಲಿ ಸುಣ್ಣದ ಗಾರೆ ಹಾಕಬೇಕು.

"ಸುಣ್ಣದ ಕೆಲಸ ಬಲ್ಲೋರು ನಿಮ್ಮನ್ನ ಬಿಟ್ರೆ ಊರಲ್ಲಿ ಯಾರೂ ಉಳಿದಿಲ್ಲ ಅಂತಾರೆ, ಮೇಸ್ತ್ರಿ. ಎವರಿಸ್ತೊ ಸೆಗಾರ್ರ ಅವರ ಹತ್ರ ಕೈ ಪಳಗಿಸಿಕೊಂಡೋರಂತೆ ನೀವು."

ಆ ಹೆಸರನ್ನು ತನ್ನ ಹಿತ್ತಲಲ್ಲಿ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ. ಕಾಸಿಮಿರೊ ಉಳಿ ಕೆಳಗಿಟ್ಟ. ಬರುವುದಿಲ್ಲ ಎನ್ನಲು ಬಾಯಿ ತೆರೆದವನು, "ಸೋಮವಾರ ಬರ್ತೀನಿ" ಎಂದುಬಿಟ್ಟ.

ಎವರಿಸ್ತೊ ಮೇಸ್ತ್ರಿಯ ಹತ್ತಿರ ಅವನು ಸೇರಿದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ. ಅಪ್ಪ ಕಣಿವೆಯ ಕಲ್ಲುಗಣಿಯಲ್ಲಿ ಬಿಳಿಗಲ್ಲು ಸೀಳುತ್ತಿದ್ದವನು. ಮಗ ಬಿಸಿಲಲ್ಲಿ ಬೇಯುವುದು ಬೇಡ, ನಾಲ್ಕು ಹೂಬಳ್ಳಿ ಕೆತ್ತುವುದನ್ನಾದರೂ ಕಲಿಯಲಿ ಎಂದು ಮೇಸ್ತ್ರಿಯ ಮನೆಗೆ ತಂದು ಬಿಟ್ಟಿದ್ದ. ಎವರಿಸ್ತೊ ಮೇಸ್ತ್ರಿ ಮಾತು ಕಡಿಮೆಯ ಮನುಷ್ಯ. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ. ತಪ್ಪಿದ ಕಲ್ಲನ್ನು ಕೈಗೆ ಕೊಟ್ಟು, ಅದನ್ನು ಹೊತ್ತುಕೊಂಡೇ ಮನೆಗೆ ಹೋಗು ಎನ್ನುತ್ತಿದ್ದರು. ಮೊದಲ ವರ್ಷ ಕಾಸಿಮಿರೊನ ಮನೆಯ ಹಿತ್ತಲು ತಪ್ಪಿದ ಕಲ್ಲುಗಳಿಂದಲೇ ತುಂಬಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವನು ಕೆತ್ತಿದ ಬಳ್ಳಿ ಯಾವುದು, ಮೇಸ್ತ್ರಿ ಕೆತ್ತಿದ್ದು ಯಾವುದು ಎಂದು ಹೇಳುವುದು ಇತರ ಕಲ್ಲುಕುಟಿಗರಿಗೂ ಕಷ್ಟವಾಗುತ್ತಿತ್ತು.

ದೊಲೊರೋಸ ಕನ್ಯಾಮಠದ ಕಲ್ಲಿನ ಉಸ್ತುವಾರಿ ಮೇಸ್ತ್ರಿಯ ಅಪ್ಪನ ಕಾಲದಿಂದಲೂ ಆ ಮನೆಯವರದ್ದೇ. ಪ್ರತಿ ವರ್ಷ ಮಳೆ ನಿಂತ ಮೇಲೆ ಪಾಪಾಸುಕಳ್ಳಿಯ ಲೋಳೆ ಬೆರೆಸಿದ ಸುಣ್ಣದ ನೀರನ್ನು ಮುಂಗೋಡೆಗೆ ಬಳಿಯುತ್ತಿದ್ದರು. ಇನ್ನೂರೈವತ್ತು ವರ್ಷದ ಗೋಡೆ ಅದು. ಬಾಗಿಲ ಕಮಾನಿನ ಸುತ್ತ ದ್ರಾಕ್ಷಿಗೊಂಚಲು, ಜೋಳದ ತೆನೆ, ಬಾಯಿ ತೆರೆದ ಪೂಮಾಗಳು. ಬಾಗಿಲಿನ ಎಡಕ್ಕೂ ಬಲಕ್ಕೂ ಒಬ್ಬೊಬ್ಬ ಮತ್ಸ್ಯಕನ್ಯೆ. ಇಬ್ಬರ ಕೈಯಲ್ಲೂ ಚರಂಗೊ, ಅದೇ ಆ ಕಡೆಯ ಮದುವೆ ಮನೆಗಳಲ್ಲಿ ಬಾರಿಸುವ ಪುಟ್ಟ ತಂತಿವಾದ್ಯ. ಪ್ರಾರ್ಥನೆಯಲ್ಲಿ ಬದುಕು ಕಳೆಯುವ ಹೆಂಗಸರ ಮನೆ ಬಾಗಿಲಿಗೆ ಬರಿಯೆದೆಯ ಈ ಹಾಡುಗಾರ್ತಿಯರನ್ನು ಯಾರು ಏಕೆ ಕೂರಿಸಿದರೋ, ಕೆತ್ತಿದವರಿಗೇ ಗೊತ್ತು.

ಸಾವಿರದ ಒಂಬೈನೂರ ಅರವತ್ತರ ಜನವರಿಯಲ್ಲಿ ನೆಲ ನಡುಗಿತು. ಎರಡು ವರ್ಷದ ಹಿಂದಷ್ಟೇ ಒಮ್ಮೆ ನಡುಗಿತ್ತು. ಅದರಲ್ಲಿ ಸಡಿಲವಾಗಿದ್ದದ್ದೆಲ್ಲ ಈ ಸಲ ಉದುರಿತು. ಕಾಸಿಮಿರೊ ಬಾಡಿಗೆಗಿದ್ದ ಮನೆ ನೆಲಸಮವಾಯಿತು. ಮದುವೆಯಾಗಿ ವರ್ಷವಾಗಿತ್ತಷ್ಟೆ, ಬಾಸಿಲಿಯ ಏಳು ತಿಂಗಳ ಬಸುರಿ. ನದಿಯ ದಂಡೆಯಲ್ಲಿ ತಗಡಿನ ಕೆಳಗೆ, ಜನವರಿಯ ಮಳೆಯಲ್ಲಿ ಸಂಸಾರ. ಕನ್ಯಾಮಠದ ಮುಂಗೋಡೆಯಲ್ಲಿ ಬಲಗಡೆಯ ಮತ್ಸ್ಯಕನ್ಯೆಯ ತಲೆ ಉರುಳಿ ಬಿದ್ದು ನುಚ್ಚಾಗಿತ್ತು, ಅಲ್ಲಲ್ಲಿ ಬಳ್ಳಿಗಳು ಒಡೆದಿದ್ದವು. ಎಡಗಡೆಯವಳಿಗೆ ಒಂದು ಗೀರೂ ಆಗಿರಲಿಲ್ಲ.

ಮಠದ ಹಿರಿಯಳು ಆಗ ಮದರ್ ಅಸುಂತ. ಗಟ್ಟಿಗಿತ್ತಿ, ಕೆಲಸ ಬೇಗ ಆಗಬೇಕು ಎನ್ನುವವಳು. ಎವರಿಸ್ತೊ ಮೇಸ್ತ್ರಿಯನ್ನು ಕರೆಸಿ ಕರಾರಿಗೆ ಸಹಿ ಹಾಕಿಸಿಕೊಂಡಳು. ಸಾರವೆ ಕಟ್ಟಿಸಿದ ಮೇಲೆ ಬಾಗಿಲಲ್ಲಿ ನಿಂತು ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದಳು. ಮುಂಗೋಡೆಗೆ ಪೂರ್ತಿ ಸಿಮೆಂಟು ಮೆತ್ತಬೇಕು. ಈಸ್ಟರಿನ ಪವಿತ್ರ ವಾರದೊಳಗೆ ಮುಗಿಯಬೇಕು.

ಮೇಸ್ತ್ರಿ ಟೋಪಿ ಕೈಯಲ್ಲಿ ಹಿಡಿದು ಹೇಳಿದರು. "ಈ ಕಲ್ಲು ಉಸಿರಾಡುತ್ತೆ ಮದರ್. ಸಿಮೆಂಟು ಹಾಕಿದ್ರೆ ಮೂಗು ಬಾಯಿ ಮುಚ್ಚಿದ ಹಾಗೆ. ಒಳಗಿನ ತೇವ ಹೊರಗೆ ಬರೋಕಾಗದೆ ಕಲ್ಲೇ ಕೊಳೆಯುತ್ತೆ."

"ಪಟ್ಟಣದಲ್ಲೆಲ್ಲ ಸಿಮೆಂಟೇ ಹಾಕ್ತಿದಾರೆ. ಅವರೆಲ್ಲ ದಡ್ಡರಾ? ಇನ್ನೊಂದು ವಿಷಯ. ಹಾಕೋದು ಹಾಕ್ತೀಯ, ಆ ಇಬ್ಬರು ಬತ್ತಲೆ ಹೆಂಗಸರನ್ನೂ ಮುಚ್ಚಿಬಿಡು."

"ಇನ್ನೂರೈವತ್ತು ವರ್ಷದಿಂದ ಬಾಗಿಲಲ್ಲಿದಾರೆ. ಅವರನ್ನ ನೋಡಿ ಯಾವ ಸಿಸ್ಟರೂ ಮಠ ಬಿಟ್ಟು ಓಡಿಹೋಗಿಲ್ಲವಲ್ಲ."

"ಓಡಿಹೋದೋರ ವಿಷಯ ನಿನಗೇನು ಗೊತ್ತು?" ಎಂದಳು ಮದರ್. ಸಾರವೆಯ ಮೇಲಿದ್ದ ಕಾಸಿಮಿರೊಗೆ ನಗು ತಡೆಯಲಾಗಲಿಲ್ಲ. ಮೇಸ್ತ್ರಿ ನಗಲಿಲ್ಲ. ಮೂರು ದಿನ ವಾದ ನಡೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಮೇಸ್ತ್ರಿ ತಮ್ಮ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು, "ನಡಿಯೋ ಕಾಸಿ, ಹೋಗೋಣ" ಎಂದರು.

ಅವನು ಸಾರವೆಯಿಂದ ಇಳಿಯಲಿಲ್ಲ.

ಹಿಂದಿನ ಸಂಜೆ ಮದರ್ ಅಸುಂತ ಅವನನ್ನು ಬೇರೆಯಾಗಿ ಕರೆದು ಮಾತನಾಡಿದ್ದಳು. ಮಠದ ಹಿಂಬದಿಯಲ್ಲಿ ಎರಡು ಕೋಣೆ ಖಾಲಿ ಇವೆ, ಹೆಂಡತಿಯನ್ನು ಕರೆತಂದು ಇರಿಸಿಕೋ, ಹೆರಿಗೆಗೆ ಸಿಸ್ಟರುಗಳು ನೋಡಿಕೊಳ್ಳುತ್ತಾರೆ, ಕೆಲಸ ಮಾತ್ರ ನಾನು ಹೇಳಿದ ಹಾಗೆ ಆಗಬೇಕು ಎಂದಿದ್ದಳು. ಅವನು ಅದನ್ನು ಮೇಸ್ತ್ರಿಗೆ ಹೇಳಿರಲಿಲ್ಲ. ಈಗ ಮೇಲಿನಿಂದಲೇ, "ಬಾಸಿಲಿಯ ಮಳೇಲಿ ಕೂತಿದಾಳೆ ಮೇಸ್ತ್ರಿ" ಎಂದ. ಮೇಸ್ತ್ರಿ ತಲೆಯೆತ್ತಿ ಅವನನ್ನು ನೋಡಿದರು. "ನನ್ನ ಮನೇಲಿ ಒಂದು ಗೋಡೆ ನಿಂತಿದೆ, ಅದಕ್ಕೆ ಒರಗಿಸಿ ತಗಡು ಹಾಕಿದ್ರೆ ಅವಳಿಗೂ ಜಾಗ ಆಗುತ್ತೆ" ಎಂದರು. ಅವನು ಗೋಡೆಯ ಕಡೆ ತಿರುಗಿದ. ಮೇಸ್ತ್ರಿ ಇನ್ನೊಮ್ಮೆ ಕರೆಯಲಿಲ್ಲ.

ನುಣುಪು ಕಲ್ಲಿಗೆ ಸಿಮೆಂಟು ಕಚ್ಚುವುದಿಲ್ಲ. ಕಚ್ಚಬೇಕಾದರೆ ಮೈಯೆಲ್ಲ ಒರಟು ಮಾಡಬೇಕು, ಉಳಿಯಿಂದ ಓರೆಯಾಗಿ ಗಾಯ ಹೊಡೆಯಬೇಕು. ಕಾಸಿಮಿರೊ ಮೊದಲು ಬಲಗಡೆಯವಳ ಮೈಗೆ ಹೊಡೆದ. ಹೇಗೂ ತಲೆಯಿಲ್ಲದವಳು. ಆಮೇಲೆ ಬಳ್ಳಿಗಳಿಗೆ. ಕೊನೆಗೆ ಎಡಗಡೆಯವಳ ಮುಂದೆ ಸಾರವೆ ಸರಿಸಿಕೊಂಡು ನಿಂತ. ಎದೆಗೆ, ಕೊರಳಿಗೆ, ಕೆನ್ನೆಗೆ, ಹಣೆಗೆ ಹೊಡೆದ. ಒಳ್ಳೆಯ ಕೈ, ಗಾಯಗಳೂ ಸಾಲಾಗಿ, ಅಚ್ಚುಕಟ್ಟಾಗಿ ಬಿದ್ದವು. ಮೂಗು ಮತ್ತು ತುಟಿ ಎದ್ದುಕೊಂಡಿದ್ದರಿಂದ ಸಿಮೆಂಟು ಸಮವಾಗಿ ಕೂರುತ್ತಿರಲಿಲ್ಲ. ಅವನ್ನು ಚಪ್ಪಟೆಯಾಗುವಂತೆ ಕೆತ್ತಿ ತೆಗೆದ. ಅದರ ಮೇಲೆ ಕರಣೆಯಿಂದ ಸಿಮೆಂಟು ಬಳಿದ. ಪವಿತ್ರ ವಾರಕ್ಕೆ ನಾಲ್ಕು ದಿನ ಮೊದಲೇ ಕೆಲಸ ಮುಗಿಯಿತು. ಮಗಳು ಮಠದ ಹಿಂಬದಿಯ ಕೋಣೆಯಲ್ಲಿ ಸುಖವಾಗಿ ಹುಟ್ಟಿದಳು.

ಎವರಿಸ್ತೊ ಮೇಸ್ತ್ರಿಗೆ ಆ ಮೇಲೆ ದೊಡ್ಡ ಕೆಲಸಗಳು ಸಿಕ್ಕಲಿಲ್ಲ. ಊರಿಗೆ ಊರೇ ಸಿಮೆಂಟಿನ ಹಿಂದೆ ಬಿದ್ದಿತ್ತು. "ಸುಣ್ಣದಲ್ಲೇ ಹುಟ್ಟಿ ಸುಣ್ಣದಲ್ಲೇ ಹೋಗೋನು" ಎಂದು ಕುಟಿಗರು ನಗುತ್ತಿದ್ದರು. ಕಾಸಿಮಿರೊ ನಗದಿದ್ದರೂ ಅವರ ಜೊತೆ ಕೂತು ಜೋಳದ ಹೆಂಡ ಚಿಚ ಕುಡಿಯುತ್ತಿದ್ದ. ದಾರಿಯಲ್ಲಿ ಮೇಸ್ತ್ರಿ ಎದುರಾದರೆ ಇನ್ನೊಂದು ಓಣಿಗೆ ತಿರುಗುತ್ತಿದ್ದ. ಎಪ್ಪತ್ತೊಂದರಲ್ಲಿ ಮೇಸ್ತ್ರಿ ಹಾಸಿಗೆ ಹಿಡಿದರೆಂದು ಸುದ್ದಿ ಬಂದಾಗ ನೋಡಲು ಹೊರಟು, ಅವರ ಬೀದಿಯ ಮೂಲೆಯ ಬ್ರೆಡ್ಡಿನ ಅಂಗಡಿಯವರೆಗೂ ಹೋದ. ಬರಿಗೈಯಲ್ಲಿ ಹೋಗಬಾರದೆಂದು ಬ್ರೆಡ್ಡು ಕೊಂಡ. ಆ ಬ್ರೆಡ್ಡನ್ನು ಹಿಡಿದುಕೊಂಡೇ ಮನೆಗೆ ವಾಪಸು ಬಂದ. ಹತ್ತು ದಿನದಲ್ಲಿ ಮೇಸ್ತ್ರಿ ಹೋದರು.

ಅದಾಗಿ ಮೂರು ವರ್ಷಕ್ಕೆ ಕನ್ಯಾಮಠದ ಗೋಡೆಯಲ್ಲಿ ಮೊದಲ ಬೊಕ್ಕೆ ಎದ್ದದ್ದನ್ನು ಕಾಸಿಮಿರೊ ನೋಡಿದ. ಸಿಮೆಂಟಿನ ಅಂಚಿನಲ್ಲಿ ಉಪ್ಪು ಬೆಳ್ಳಗೆ ಹೊಮ್ಮಿತ್ತು. ಮೇಸ್ತ್ರಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ. ಆ ವರ್ಷದಿಂದ ಅವನು ಸಿಮೆಂಟಿನ ಕೆಲಸ ಬಿಟ್ಟ. ಸುಣ್ಣ ಸುಟ್ಟು, ಕಳ್ಳಿ ಕೊಚ್ಚಿ, ಮೇಸ್ತ್ರಿಯ ಕ್ರಮದಲ್ಲೇ ಕೆಲಸ ಮಾಡಿದ. ಹೊಟ್ಟೆ ಬಟ್ಟೆಗೆ ಕಡಿಮೆಯಾದರೂ ಸೈ ಎಂದ. ಜನ ಅವನನ್ನು ಎವರಿಸ್ತೊ ಮೇಸ್ತ್ರಿಯ ನಿಜವಾದ ಶಿಷ್ಯ ಎಂದು ಕೊಂಡಾಡಿದರು. ಅದನ್ನು ಕೇಳಿದಾಗಲೆಲ್ಲ ಅವನು ಬೇರೆ ಮಾತು ತೆಗೆಯುತ್ತಿದ್ದ.

ಈಗ ನಲವತ್ತೆರಡು ವರ್ಷದ ಮೇಲೆ ಅದೇ ಗೋಡೆಯ ಮುಂದೆ, ಅದೇ ಎತ್ತರದಲ್ಲಿ ನಿಂತು ತನ್ನ ಸಿಮೆಂಟನ್ನು ತಾನೇ ಕೀಳಲು ಶುರುಮಾಡಿದ. ಸುತ್ತಿಗೆಯಿಂದ ಹೊಡೆಯುವಂತಿರಲಿಲ್ಲ. ತೆಳು ಉಳಿಯನ್ನು ಸಂದಿಗೆ ತೂರಿಸಿ, ಅಂಗೈಯಿಂದ ಒತ್ತಿ, ಹುಣ್ಣಿನ ಹಕ್ಕಳೆ ಎಬ್ಬಿಸುವ ಹಾಗೆ ಇಷ್ಟಿಷ್ಟೇ ಎಬ್ಬಿಸಬೇಕಿತ್ತು. ಕೆಲವು ಕಡೆ ಸಿಮೆಂಟಿನ ಜೊತೆ ಕಲ್ಲೇ ಪದರವಾಗಿ ಬರುತ್ತಿತ್ತು. ಒದ್ದೆ ಕಾಗದದ ಮುದ್ದೆ ಮೆತ್ತಿ ಕಲ್ಲಿನೊಳಗಿನ ಉಪ್ಪನ್ನು ಹೀರಿಸುವ ಉಪಾಯವನ್ನು ನೊಯೆಲಿಯ ತೋರಿಸಿಕೊಟ್ಟಳು. ಸುಣ್ಣಕ್ಕೆ ಕಳ್ಳಿಯ ಲೋಳೆ ಎಷ್ಟು ಸೇರಿಸಬೇಕೆಂದು ಅವನು ಅವಳಿಗೆ ತೋರಿಸಿದ. ಇಬ್ಬರಿಗೂ ಹೊಂದಿಕೆಯಾಯಿತು.

ಐದನೆಯ ವಾರ ಎಡಗಡೆಯ ಮತ್ಸ್ಯಕನ್ಯೆಗೆ ಬಂದರು. ಬಾಲದ ಹುರುಪೆಗಳು ಉಳಿದಿದ್ದವು. ಚರಂಗೊ ಉಳಿದಿತ್ತು, ಅದರ ತಂತಿಯ ಮೇಲಿದ್ದ ಬೆರಳುಗಳೂ ಉಳಿದಿದ್ದವು. ಮುಖದ ಮೇಲಿನ ಸಿಮೆಂಟು ಒಂದೇ ತುಂಡಾಗಿ ಕಳಚಿ ಕಾಸಿಮಿರೊನ ಅಂಗೈಗೆ ಬಂತು. ಹಿಂದೆ ಮುಖವಿರಲಿಲ್ಲ. ಓರೆಯಾಗಿ, ಸಾಲುಸಾಲಾಗಿ, ಒಂದೇ ಅಳತೆಯ ಉಳಿಯ ಗಾಯಗಳಿದ್ದವು.

ನೊಯೆಲಿಯ ಬಗ್ಗಿ ಹತ್ತಿರದಿಂದ ನೋಡಿದಳು.

"ನಾನು ಭೂಕಂಪದಲ್ಲಿ ಹೋಗಿರಬೇಕು ಅಂದ್ಕೊಂಡಿದ್ದೆ. ಇದು ಕೈಯಿಂದ ಮಾಡಿದ್ದು. ನೋಡಿ ಮೇಸ್ತ್ರಿ, ಎಷ್ಟು ಸಮಾಧಾನವಾಗಿ ಹೊಡೆದಿದಾನೆ. ಯಾವ ಕಟುಕನೋ."

ಕಾಸಿಮಿರೊ ಬಾಯಿ ತೆರೆದ. ಆಗಲೇ ಮಧ್ಯಾಹ್ನದ ಗಂಟೆ ಹೊಡೆಯಿತು, ಅವಳು ಏಣಿ ಇಳಿದುಹೋದಳು. ಊಟದ ಮೇಲೆ ಹೇಳೋಣ ಎಂದುಕೊಂಡ. ಊಟವಾದ ಮೇಲೆ ಅವಳು ಮಠದ ಹಳೆಯ ಪೆಟ್ಟಿಗೆಯಿಂದ ಒಂದು ಕಾಗದ ಹಿಡಿದು ಬಂದಳು. ಅರವತ್ತರ ಕರಾರು. ಕೆಳಗೆ ಎವರಿಸ್ತೊ ಸೆಗಾರ್ರನ ಸಹಿ. ಮೇಸ್ತ್ರಿ ನಾಲ್ಕನೆಯ ದಿನ ಬಿಟ್ಟುಹೋದದ್ದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ.

"ನಿಮ್ಮ ಗುರುಗಳೇ," ಎಂದಳು, ಅವನ ಮನಸ್ಸಿಗೆ ನೋವಾಗಬಾರದೆಂದು ದನಿ ತಗ್ಗಿಸಿ. "ನಿಮಗೆ ಗೊತ್ತಿತ್ತಾ?"

"ನಾನು ಆಗ ಚಿಕ್ಕೋನು," ಎಂದ ಕಾಸಿಮಿರೊ.

ಇಪ್ಪತ್ತನಾಲ್ಕು ವರ್ಷದವನು ಚಿಕ್ಕವನಲ್ಲ. ಅವಳು ಲೆಕ್ಕ ಹಾಕಲಿಲ್ಲ. ಅವನು ಆ ದಿನವೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ದಿನ ಕಳೆದಂತೆ ಹೇಳುವುದು ಹಗುರವಾಗಬಹುದು ಎಂದುಕೊಂಡಿದ್ದ. ಅದು ಒದ್ದೆಯಾದ ಕಂಬಳಿಯಂತೆ ಇನ್ನಷ್ಟು ಭಾರವಾಯಿತು.

ಆರು ವಾರದ ಮೇಲೆ ಪತ್ರಿಕೆಯವನೊಬ್ಬ ಬಂದು ಫೋಟೋ ತೆಗೆದುಕೊಂಡು, ನೊಯೆಲಿಯಳ ವರದಿ ಓದಿಕೊಂಡು ಹೋದ. ಭಾನುವಾರ ಬೆಳಿಗ್ಗೆ ಬಾಸಿಲಿಯ ಹಂದಿಮಾಂಸದ ಅದೊಬೊ ತರಲು ಪಾತ್ರೆ ಹಿಡಿದು ಹೋದವಳು, ಪಾತ್ರೆಯ ಜೊತೆ ಪತ್ರಿಕೆಯನ್ನೂ ತಂದಳು. ಅವಳಿಗೆ ನಿಧಾನಕ್ಕೆ ಓದಲು ಬರುತ್ತಿತ್ತು. ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು. ಕುಟಿಗ ಎವರಿಸ್ತೊ ಸೆಗಾರ್ರ ತನ್ನ ಅಜ್ಞಾನದಿಂದ ಅಮೂಲ್ಯ ಶಿಲ್ಪವೊಂದರ ಮುಖವನ್ನು ಕೆತ್ತಿ ಹಾಳು ಮಾಡಿದ ಎಂದು ಬರೆದಿತ್ತು.

ಓದಿ ಮುಗಿಸಿ ಪತ್ರಿಕೆ ಮಡಿಚಿಟ್ಟಳು. ಅದೊಬೊ ಆರುತ್ತಿತ್ತು.

"ನಮ್ಮ ಮಗಳು ಒಣಗಿದ ಜಾಗದಲ್ಲಿ ಹುಟ್ಟಿದ್ಲು ಅಂತ ನಾನು ನಲವತ್ತು ವರ್ಷ ಏನೂ ಮಾತಾಡ್ಲಿಲ್ಲ," ಎಂದಳು. "ಅದರಲ್ಲಿ ನನ್ನ ಪಾಲೂ ಇದೆ, ಇಲ್ಲ ಅನ್ನಲ್ಲ. ಆದ್ರೆ ಇದು ಬೇರೆ. ಇದನ್ನ ನುಂಗಿಕೊಂಡು ಈ ಮನೇಲಿ ಕೂತ್ಕೋಬೇಡ."

ಎವರಿಸ್ತೊ ಮೇಸ್ತ್ರಿಯ ಮಗಳು ಎರ್ಮಿನಿಯ ಸಾನ್ ಕಮಿಲೊ ಮಾರುಕಟ್ಟೆಯ ಬಾಗಿಲಲ್ಲಿ ಹಾಲಿನ ಐಸು ಮಾರುತ್ತಿದ್ದಳು. ಮರದ ತೊಟ್ಟಿಯಲ್ಲಿ ಮಂಜುಗಡ್ಡೆ ತುಂಬಿ, ನಡುವೆ ತಾಮ್ರದ ಪಾತ್ರೆ ಕೂರಿಸಿ, ಅದನ್ನು ಕೈಯಿಂದ ತಿರುಗಿಸುತ್ತ ತಿರುಗಿಸುತ್ತ ಹಾಲು ಹೆಪ್ಪುಗಟ್ಟಿಸುವ ಕೆಲಸ. ಕಾಸಿಮಿರೊಗಿಂತ ಎರಡು ವರ್ಷ ಚಿಕ್ಕವಳು. ಶಿಷ್ಯನಾಗಿದ್ದ ಕಾಲದಲ್ಲಿ ಅವಳು ಬಡಿಸಿದ್ದನ್ನು ಅವನು ಉಂಡಿದ್ದ. ಅವನು ಬಂದು ಎದುರಿಗೆ ನಿಂತಾಗ ಅವಳು ಪಾತ್ರೆ ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ಬಾ ಕಾಸಿ. ಮೂವತ್ತು ವರ್ಷದಿಂದ ಈ ದಾರೀಲಿ ಓಡಾಡ್ತೀಯ, ಒಂದಿನಾನೂ ನನ್ನ ಐಸು ತಿನ್ನಲಿಲ್ಲ. ಇವತ್ತೇನು, ಬಿಸಿಲು ಜಾಸ್ತೀನಾ?"

"ಪೇಪರಲ್ಲಿ ಬಂದಿದ್ದು..."

"ಕೇಳಿದೆ. ಆ ಮಾಂಸದಂಗಡಿಯೋನು ಮಾರ್ಕೆಟ್ಟಿಗೆಲ್ಲ ಕೇಳೋ ಹಾಗೆ ಓದಿದ. ಅವನ ಗಂಟಲು ಯಾವಾಗ್ಲೂ ಚೆನ್ನಾಗಿರುತ್ತೆ."

"ಅದು ನಿಮ್ಮಪ್ಪ ಮಾಡಿದ್ದಲ್ಲ, ಎರ್ಮಿನಿಯ."

"ನನಗೆ ಹೇಳ್ತೀಯೇನೋ ಅದನ್ನ?" ಅವಳ ಕೈ ಈಗ ನಿಂತಿತು. "ಉಳಿ ಸುತ್ತಿಕೊಂಡು ಅಪ್ಪ ಮನೆಗೆ ಬಂದ ದಿನ ಕೈಯಿಂದ ಆ ಗಂಟು ಇಸ್ಕೊಂಡೋಳು ನಾನು. ನನಗೆ ಗೊತ್ತು, ನಿನಗೆ ಗೊತ್ತು. ಆ ಮಾಂಸದಂಗಡಿಯೋನಿಗೆ ಯಾರು ಹೇಳ್ತಾರೆ? ನಾನು ಹೇಳ್ದೆ. ‘ಮಗಳಲ್ವಾ, ಹಾಗೇ ಅಂತೀಯ’ ಅಂದ."

ಹತ್ತಿರದಲ್ಲಿ ಮಕ್ಕಳಿಬ್ಬರು ಐಸಿಗಾಗಿ ಕಾಯುತ್ತಿದ್ದರು. ಅವಳು ಅವರಿಗೆ ಎರಡು ಲೋಟ ತುಂಬಿ, ದಾಲ್ಚಿನ್ನಿ ಪುಡಿ ಉದುರಿಸಿ ಕೊಟ್ಟು ಕಳಿಸಿದಳು.

"ಅಪ್ಪ ಹತ್ತು ವರ್ಷ ನಿನ್ನ ಹೆಸರು ಎತ್ತಲಿಲ್ಲ. ಕೊನೇ ವಾರ ಮಾತ್ರ ಕೇಳಿದ್ರು, ಕಾಸಿ ಬಂದಿದ್ನಾ ಅಂತ. ಬಂದಿದ್ದ, ನೀವು ನಿದ್ದೆ ಮಾಡ್ತಿದ್ರಿ ಅಂದೆ. ಸುಳ್ಳು ಹೇಳಿದೆ. ಮಾರನೇ ದಿನ ಮಧ್ಯಾಹ್ನ ನಿದ್ದೇನೇ ಮಾಡ್ಲಿಲ್ಲ ಅವರು. ಬಾಗಿಲು ನೋಡ್ತಾ ಕೂತಿದ್ರು."

ಬ್ರೆಡ್ಡು ಕೊಂಡು ವಾಪಸು ಹೋದ ಕಥೆಯನ್ನು ಕಾಸಿಮಿರೊ ಅವಳಿಗೆ ಹೇಳಲಿಲ್ಲ. ಹೇಳಿದರೆ ತನ್ನ ಭಾರವನ್ನು ಅವಳ ತಲೆಗೆ ದಾಟಿಸಿದ ಹಾಗೆ ಆಗುತ್ತಿತ್ತು. ಅಲ್ಲಿಂದ ನೇರ ಕನ್ಯಾಮಠಕ್ಕೆ ನಡೆದ. ಭಾನುವಾರವಾದರೂ ನೊಯೆಲಿಯ ಅಂಗಳದಲ್ಲಿ ಕೂತು ನಕ್ಷೆ ಬರೆಯುತ್ತಿದ್ದಳು.

"ಆ ಕಟುಕ ನಾನೇ ಅಮ್ಮ," ಎಂದ.

ಅವನು ಮೊದಲಿನಿಂದ ಎಲ್ಲವನ್ನೂ ಹೇಳಿದ. ತಗಡು, ಮಳೆ, ಹಿಂಬದಿಯ ಎರಡು ಕೋಣೆ, ನಡಿಯೋ ಕಾಸಿ ಎಂದ ಮೇಸ್ತ್ರಿ. ಅವಳು ಪೆನ್ಸಿಲು ಕೆಳಗಿಟ್ಟು ಕೇಳಿದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ. ಅವಳು ಬೈಯಲಿಲ್ಲ.

"ವರದಿಗೆ ಸಹಿ ಹಾಕಿ ಲೀಮಾಕ್ಕೆ ಕಳಿಸಿದೀನಿ," ಎಂದಳು. "ಆರು ವಾರ ನೀವು ನನ್ನ ಪಕ್ಕದಲ್ಲೇ ನಿಂತಿದ್ರಿ, ಮೇಸ್ತ್ರಿ."

"ನಿಂತಿದ್ದೆ."

ಅವಳು ತಿದ್ದುಪಡಿ ಬರೆದು ಕಳಿಸಿದಳು. ವರದಿಯಲ್ಲಿ ಹೆಸರು ಬದಲಾಯಿತು. ಪತ್ರಿಕೆಗೂ ಪತ್ರ ಬರೆದಳು. ಅವರು ಮೂರು ವಾರದ ಮೇಲೆ, ಒಳಪುಟದಲ್ಲಿ, ನಾಟಿ ಹುಂಜದ ಜಾಹೀರಾತಿನ ಕೆಳಗೆ ಮೂರು ಸಾಲು ಹಾಕಿದರು. ಅದರಲ್ಲಿ ಎವರಿಸ್ತೊ ಮೇಸ್ತ್ರಿಯ ಹೆಸರನ್ನು ತಪ್ಪಾಗಿ ಅಚ್ಚು ಹಾಕಿದ್ದರು. ಮಾಂಸದಂಗಡಿಯವನು ಅದನ್ನು ಗಟ್ಟಿಯಾಗಿ ಓದಲಿಲ್ಲ.

ಕೆಲಸದಿಂದ ತೆಗೆದುಹಾಕುತ್ತಾರೆಂದು ಕಾಸಿಮಿರೊ ಎಣಿಸಿದ್ದ. ನೊಯೆಲಿಯ ತೆಗೆಯಲಿಲ್ಲ. ಬೇರೆ ಯಾರಿದ್ದರು? ಅವಳೇ ಇನ್ನೊಂದು ಮಾತು ಮುಂದಿಟ್ಟಳು. ಮುಖವನ್ನು ಹೊಸದಾಗಿ ಕೆತ್ತಿ ಕೂರಿಸಬಹುದು, ಹಳೆಯದು ಹೇಗಿತ್ತೆಂದು ಖಚಿತವಾಗಿ ತಿಳಿದರೆ ಮಾತ್ರ. ಹುಡುಕಿದಾಗ ಸಿಕ್ಕಿದ್ದು ಒಂದೇ ಹಳೆಯ ಫೋಟೋ. ಯಾವುದೋ ಮೆರವಣಿಗೆಯದು. ಎಡಗಡೆಯ ಮತ್ಸ್ಯಕನ್ಯೆಯ ಮುಖದ ನೇರಕ್ಕೆ ಒಂದು ಬಾವುಟ ಅಡ್ಡ ಬಂದಿತ್ತು.

"ನೀವು ನೋಡಿದೀರಲ್ಲ," ಎಂದಳು. "ಹತ್ತು ವರ್ಷ ಸುಣ್ಣ ಬಳಿದಿದೀರಿ. ಆ ದಿನ ಎದುರಿಗೇ ನಿಂತಿದ್ರಿ. ನೆನಪಿಲ್ವಾ?"

ಅವನು ಕಣ್ಣು ಮುಚ್ಚಿ ನೋಡಿದ. ಉಳಿಯ ಹಿಡಿ ನೆನಪಿತ್ತು. ಕಲ್ಲಿನ ಪುಡಿ ತುಟಿಗೆ ಮೆತ್ತಿಕೊಂಡದ್ದು ನೆನಪಿತ್ತು. ಕಮಾನಿನ ಬಳ್ಳಿಯಲ್ಲಿ ಎಷ್ಟು ಗೊಂಚಲೆಂದು ಕೇಳಿದ್ದರೆ ಹೇಳುತ್ತಿದ್ದ. ಮುಖ ಮಾತ್ರ ಬರಲಿಲ್ಲ. ಆ ದಿನ ಅವನು ಅದನ್ನು ಮುಖವೆಂದು ನೋಡಿರಲಿಲ್ಲ, ಒರಟು ಮಾಡಬೇಕಾದ ಜಾಗವೆಂದು ನೋಡಿದ್ದ. ಅದಕ್ಕೂ ಹಿಂದಿನ ಹತ್ತು ವರ್ಷವನ್ನು ಆ ಒಂದು ದಿನ ಅಳಿಸಿಹಾಕಿತ್ತು.

ನೆನಪಿದ್ದದ್ದು ಎರ್ಮಿನಿಯಳಿಗೆ. ಹುಡುಗಿಯಾಗಿದ್ದಾಗ ಅಪ್ಪನಿಗೆ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದವಳು, ಅವರು ಉಂಡು ಮುಗಿಸುವವರೆಗೆ ಬೀದಿಯಲ್ಲಿ ಕೂತು ಆ ಮುಖವನ್ನೇ ನೋಡುತ್ತಿದ್ದಳಂತೆ. ಕಾಸಿಮಿರೊ ಎರಡನೆಯ ಸಲ ಮಾರುಕಟ್ಟೆಗೆ ಹೋಗಿ, ಸಹಾಯ ಮಾಡು ಎಂದು ಕೇಳಿದ. "ನಿನಗೋಸ್ಕರ ಅಲ್ಲ," ಎಂದಳು. ಆದರೂ ವ್ಯಾಪಾರವಿಲ್ಲದ ಸೋಮವಾರಗಳಂದು ಅವನ ಹಿತ್ತಲಿಗೆ ಬರತೊಡಗಿದಳು. ಮೂಗು ಚೂರು ಸೊಟ್ಟ ಎಂದಳು. ಬಾಯಿ ಅರೆ ತೆರೆದಿತ್ತು, ಮೇಲಿನ ಎರಡು ಹಲ್ಲು ಕಾಣುತ್ತಿತ್ತು, ಹಾಡಿನ ಮೊದಲ ಅಕ್ಷರ ಹೇಳಿ ಮುಂದಿನದು ಮರೆತವಳ ಹಾಗೆ ಎಂದಳು.

ಮೊದಲನೆಯದನ್ನು ಕೆತ್ತಿ ತೋರಿಸಿದಾಗ ಎರ್ಮಿನಿಯ ತಲೆಯಾಡಿಸಿದಳು. "ಇದು ನಿನ್ನ ಹೆಂಡ್ತಿ ಕಣೋ."

ಬಾಸಿಲಿಯ ಚಹಾ ತಂದವಳು ಬಗ್ಗಿ ನೋಡಿದಳು. "ಹೌದಲ್ಲ. ನನಗೆ ಬಾಲ ಒಂದು ಬಾಕಿ ಇತ್ತು."

ಎರಡನೆಯದು ಮೇರಿ ಮಾತೆಯ ಹಾಗಾಯಿತು. ಮೂರನೆಯದಕ್ಕೆ ಅವನು ಇಪ್ಪತ್ತು ದಿನ ತೆಗೆದುಕೊಂಡ. ಅವನ ಕೈಯಿಂದ ಅಷ್ಟು ಚೆಂದದ ಕೆಲಸ ಅದಕ್ಕೆ ಮೊದಲು ಬಂದಿರಲಿಲ್ಲ. ಎರ್ಮಿನಿಯ ಕೂತು ನೋಡಿದಳು, ಎದ್ದು ನೋಡಿದಳು, ಬೆರಳಿಂದ ಕೆನ್ನೆ ಸವರಿದಳು.

"ಚೆನ್ನಾಗಿದೆ," ಎಂದಳು. "ಆದ್ರೆ ಇವಳಲ್ಲ."

"ಎಲ್ಲಿ ತಪ್ಪಿದೆ ಹೇಳು, ತಿದ್ದೋಣ."

"ಎಲ್ಲೂ ತಪ್ಪಿಲ್ಲ ಕಾಸಿ. ಇವಳು ಯಾರೋ ಬೇರೆ. ಅವಳು ಇನ್ನಿಲ್ಲ."

ನೊಯೆಲಿಯ ಬಂದು ನೋಡಿ, ತಾನೇ ಹಾಕಿದ ಷರತ್ತನ್ನೂ ಮರೆಯುವಷ್ಟು ಮೆಚ್ಚಿದಳು. ಕೂರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಮಠದವರಿಗೂ ಸಂತೋಷವಾಗುತ್ತದೆ ಎಂದಳು. ಕಾಸಿಮಿರೊ ಒಪ್ಪಲಿಲ್ಲ. ಒಮ್ಮೆ ಮುಚ್ಚಿದ್ದು ಸಾಕು, ಇನ್ನೊಮ್ಮೆ ಚೆಂದ ಮಾಡಿ ಮುಚ್ಚುವುದು ಬೇಡ ಎಂದ. ಕೊನೆಗೆ ಉಳಿಗಾಯಗಳು ಇನ್ನಷ್ಟು ಉದುರದಂತೆ ಸುಣ್ಣದ ನೀರು ಕುಡಿಸಿ, ಅವನ್ನು ಇದ್ದ ಹಾಗೆಯೇ ಬಿಟ್ಟರು. ಬಲಗಡೆಯವಳ ಕುತ್ತಿಗೆಯ ಮೇಲೆ ಏನೂ ಇಡಲಿಲ್ಲ. ಬಾಲ, ಬಳ್ಳಿ, ಜೋಳದ ತೆನೆಗಳನ್ನೆಲ್ಲ ಅವನೇ ಸರಿಮಾಡಿದ. ಎರಡು ವರ್ಷ ಹಿಡಿಯಿತು. ಮೂರನೆಯ ಮುಖವನ್ನು ಎರ್ಮಿನಿಯ ಕೇಳಿ ತೆಗೆದುಕೊಂಡು ಹೋದಳು. ಮಧ್ಯಾಹ್ನದ ಗಾಳಿಗೆ ಅಂಗಡಿಯ ಬಟ್ಟೆ ಹಾರದಂತೆ ಅದನ್ನು ಬಟ್ಟೆಯ ಮೂಲೆಯ ಮೇಲೆ ಭಾರಕ್ಕೆ ಇಡುತ್ತಿದ್ದಳು. ಆ ದಾರಿಯಲ್ಲಿ ಹೋಗುವಾಗ ಕಾಸಿಮಿರೊ ಈಗ ನಿಂತು ಒಂದು ಲೋಟ ಐಸು ತಿನ್ನುತ್ತಿದ್ದ. ಹಲ್ಲು ಜುಮ್ಮೆನ್ನುತ್ತಿತ್ತು. ಅವರಿಬ್ಬರೂ ಹೆಚ್ಚು ಮಾತನಾಡುತ್ತಿರಲಿಲ್ಲ. ಕ್ಷಮಿಸಿದೆ ಎಂದು ಅವಳು ಯಾವತ್ತೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಮುಂಗೋಡೆಯ ಸಾರವೆ ಬಿಚ್ಚಿದ ಮೇಲೆ ಅದನ್ನು ನೋಡಲು ಹೊರಗಿನವರು ಬರತೊಡಗಿದರು. ಅವರಿಗೆ ವಿವರಿಸಲು ಮಠದವರು ಒಬ್ಬ ಕಾಲೇಜು ಹುಡುಗಿಯನ್ನು ಇಟ್ಟುಕೊಂಡಿದ್ದರು. ಒಂದು ದಿನ ಕಾಸಿಮಿರೊ ಒಂದು ಸಂದಿಗೆ ಗಾರೆ ತುಂಬುವುದಿದೆಯೆಂದು ಬಂದಿದ್ದಾಗ, ಅವಳು ಹತ್ತು ಹನ್ನೆರಡು ಜನರನ್ನು ನಿಲ್ಲಿಸಿಕೊಂಡು ಹೇಳುತ್ತಿದ್ದಳು. "ಅರವತ್ತರ ಭೂಕಂಪದಲ್ಲಿ ಇಬ್ಬರು ಮತ್ಸ್ಯಕನ್ಯೆಯರೂ ಮುಖ ಕಳಕೊಂಡರು. ಎಡಗಡೆಯವಳ ಮುಖದಲ್ಲಿ ಆ ಗಾಯಗಳು ಈಗಲೂ ಕಾಣುತ್ತವೆ."

ಕಾಸಿಮಿರೊ ಕರಣೆಯನ್ನು ಬಾಂಡಲಿಯಲ್ಲಿಟ್ಟು ಎದ್ದು ಬಂದ.

"ಬಲಗಡೆಯದು ಭೂಕಂಪ, ಮಗಳೇ. ಎಡಗಡೆಯದು ನಾನು."

ಸುಣ್ಣ ಮೆತ್ತಿದ ಮುದುಕನ ಮಾತು ಅವರಿಗೆ ತಮಾಷೆಯಾಗಿ ಕಂಡಿತು. ಎಲ್ಲರೂ ನಕ್ಕರು. ಅವನು ಮತ್ತೊಮ್ಮೆ ಹೇಳಿದ, ಈ ಸಲ ನಿಧಾನವಾಗಿ, ಯಾವ ಉಳಿಯಿಂದ ಎಂಬುದನ್ನೂ ಸೇರಿಸಿ. ಆ ಹುಡುಗಿ ಮುಗುಳ್ನಗುತ್ತ, "ನಮ್ಮ ಮೇಸ್ತ್ರಿ ಇವರೇ, ಇಡೀ ಗೋಡೆಯನ್ನ ಉಳಿಸಿದೋರು" ಎಂದು ಅವರಿಗೆ ಪರಿಚಯಿಸಿದಳು. ಒಬ್ಬ ಹೆಂಗಸು ಅವನ ತೋಳು ಹಿಡಿದು ಗೋಡೆಯ ಹತ್ತಿರಕ್ಕೆ ಕರೆದೊಯ್ದು, ಮತ್ಸ್ಯಕನ್ಯೆಯ ಕೆಳಗೆ ನಿಲ್ಲಿಸಿ ಫೋಟೋ ತೆಗೆದಳು. ಸ್ವಲ್ಪ ನಗಿ ಎಂದಳು. ಅವನು ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳು ಸಾಕು ಎನ್ನುವವರೆಗೂ ನಿಂತಿದ್ದ.